ವೆಬ್‌ಸೈಟ್ ಮಾಡಿಸ್ತಿದ್ದೀರಾ? ಡೊಮೇನ್ ಯಾರ ಹೆಸರಲ್ಲಿದೆ ಅಂತ ಮೊದಲು ಕೇಳಿ

ಚಿಕ್ಕ ವ್ಯವಹಾರಕ್ಕೆ ವೆಬ್‌ಸೈಟ್ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ನಮ್ಮ ಸೈಟ್ ಒಂದು ದಿನ ಇದ್ದಕ್ಕಿದ್ದಂತೆ ತೆರೆಯಲಿಲ್ಲ. ಅದರ ಜೊತೆ ಇಮೇಲೂ ನಿಂತುಹೋಯಿತು, ಯಾಕಂದ್ರೆ ಎರಡೂ ಇದ್ದದ್ದು ಒಂದೇ ಡೊಮೇನ್ (ಸೈಟಿನ ವಿಳಾಸದ ಹೆಸರು) ಮೇಲೆ. ಗ್ರಾಹಕರು ಕಳಿಸಿದ ಆರ್ಡರ್ ಮೇಲ್‌ಗಳು ಅವರಿಗೇ ವಾಪಸ್ ಹೋಗುತ್ತಿದ್ದವು. ಡೊಮೇನ್ ಅವಧಿ ಮುಗಿದಿತ್ತು, ಯಾರೂ ರಿನ್ಯೂ ಮಾಡಿರಲಿಲ್ಲ.

ನಮಗೆ ಸುಳಿವೇ ಸಿಗಲಿಲ್ಲ. ಡಾಟ್ ಕಾಮ್ ತರಹದ ಡೊಮೇನ್‌ಗಳಿಗೆ ಐಕ್ಯಾನ್ (ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಇದೆ: ಅವಧಿ ಮುಗಿಯುವ ಸುಮಾರು 1 ತಿಂಗಳು ಮುಂಚೆ ಒಮ್ಮೆ, 1 ವಾರ ಮುಂಚೆ ಇನ್ನೊಮ್ಮೆ ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಕಂಪನಿ, ನೆನಪಿನ ಮೇಲ್ ಕಳಿಸಬೇಕು. ಕಳಿಸಿಯೂ ಇದ್ದರು. ಆದರೆ ಅದು ಹೋಗಿದ್ದು ಡೊಮೇನ್ ಯಾರ ಹೆಸರಲ್ಲಿತ್ತೋ ಅವರಿಗೆ, ಅಂದರೆ ಸೈಟ್ ಮಾಡಿಕೊಟ್ಟ ಡೆವಲಪರ್‌ಗೆ. "ಡೊಮೇನ್, ಹೋಸ್ಟಿಂಗ್ ಎಲ್ಲಾ ನಾನೇ ನೋಡ್ಕೋತೀನಿ ಸರ್, ನೀವು ತಲೆ ಕೆಡಿಸ್ಕೋಬೇಡಿ" ಅಂದಿದ್ದರು (ಹೋಸ್ಟಿಂಗ್ ಅಂದ್ರೆ ಸೈಟ್ ಇಡುವ ಬಾಡಿಗೆ ಜಾಗ). ದುಡ್ಡು ನಮ್ಮದು, ಬಿಲ್ ಕೂಡ ನಮ್ಮ ಹೆಸರಿಗೆ. ಆದರೆ ರಿಜಿಸ್ಟ್ರಾರ್ ಲೆಕ್ಕದಲ್ಲಿ ಡೊಮೇನ್ ಅವರದು. ಬಿಲ್ ಕಳಿಸಿ ಕೇಳಿದರೆ, "ಖಾತೆ ಯಾರದೋ ಅವರೇ ಬರಬೇಕು" ಅಂತ ಉತ್ತರ ಬಂತು. ಡೆವಲಪರ್ ಫೋನ್ ಎತ್ತುತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಗಡಿಯಾರ ಓಡುತ್ತಾ ಇರುತ್ತದೆ. ಅವಧಿ ಮುಗಿದ ಮೇಲೆ ಸ್ವಲ್ಪ ದಿನ ಮಾಮೂಲಿ ದರಕ್ಕೇ ರಿನ್ಯೂ ಮಾಡಲು ಹೆಚ್ಚಿನ ರಿಜಿಸ್ಟ್ರಾರ್‌ಗಳು ಬಿಡುತ್ತಾರೆ. ಅದೂ ದಾಟಿದರೆ 30 ದಿನದ ರಿಡೆಂಪ್ಶನ್ ಅವಧಿ. ಆಗ ವಾಪಸ್ ಪಡೆಯಬಹುದು, ಆದರೆ ಶುಲ್ಕ ತುಂಬಾ ಜಾಸ್ತಿ. ಆಮೇಲೆ 5 ದಿನ ಯಾರೂ ಏನೂ ಮಾಡುವ ಹಾಗಿಲ್ಲ. ಅದು ಮುಗಿದರೆ ನಿಮ್ಮ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಡೊಮೇನ್‌ಗೆ ಕಾಯ್ದು ಕೂತವರು ಇದ್ದೇ ಇರುತ್ತಾರೆ. ಕೊನೆಗೂ ಡೆವಲಪರ್ ಸಿಕ್ಕಿ ಡೊಮೇನ್ ನಮಗೆ ವಾಪಸ್ ಬಂದದ್ದು ರಿಡೆಂಪ್ಶನ್ ಹಂತದಲ್ಲಿ. ಆ ದಂಡದ ಜೊತೆಗೆ ಡೆವಲಪರ್ ತಮ್ಮ 'ಸರ್ವಿಸ್ ಚಾರ್ಜ್' ಬೇರೆ ಸೇರಿಸಿದರು! ಕೊಟ್ಟೆವು, ಬೇರೆ ದಾರಿ ಇರಲಿಲ್ಲ.

ಖಾತೆ ಕೈಗೆ ಬಂದ ಮೇಲೆ ಒಳಗಿನದು ಒಂದೊಂದಾಗಿ ಹೊರಬಿತ್ತು. ಸೈಟ್ ಕಟ್ಟಲು ಬಳಸಿದ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ಅಂತ ಇದೆ. ಅಲ್ಲಿ ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸದಿರಲಿ ಅನ್ನುವ ಒಂದು ಚೌಕ. ಸೈಟ್ ತಯಾರಾಗುವಾಗ ಅದಕ್ಕೆ ಟಿಕ್ ಹಾಕುವುದು ಸರಿ. ನಮ್ಮದರಲ್ಲಿ ಆ ಟಿಕ್ ತೆಗೆದೇ ಇರಲಿಲ್ಲ. ಗೂಗಲ್‌ನಲ್ಲಿ ನಾವು ಯಾಕೆ ಕಾಣಿಸುತ್ತಿಲ್ಲ ಅಂತ ಕೇಳಿದಾಗೆಲ್ಲ "ಟೈಮ್ ಬೇಕು ಸರ್" ಅಂದಿದ್ದರು. ವಿಚಾರಣೆ ಫಾರ್ಮ್ ತುಂಬಿದರೆ ಅದು ಹೋಗುತ್ತಿದ್ದದ್ದು ಡೆವಲಪರ್‌ನ ಟೆಸ್ಟ್ ಇಮೇಲ್‌ಗೆ. ಫೋನ್ ನಂಬರ್ ಬ್ಯಾನರ್ ಚಿತ್ರದೊಳಗೇ ಇತ್ತು. ಮೊಬೈಲಲ್ಲಿ ಅದನ್ನು ಒತ್ತಿದರೆ ಕರೆ ಹೋಗಲ್ಲ, ಕಾಪಿ ಮಾಡೋಕೂ ಆಗಲ್ಲ. ಮೀಟಿಂಗ್‌ನಲ್ಲಿ ಮಾತ್ರ ಅವರು ಗಂಟೆಗಟ್ಟಲೆ ತೋರಿಸಿದ್ದು ಪುಟದ ಮೇಲೆ ಸರಿಯುವ ಚಿತ್ರಗಳ, ಅಂದರೆ ಸ್ಲೈಡರ್‌ನ ಬಣ್ಣಗಳನ್ನು. ಸ್ಲೈಡರ್ ನೋಡಿ ಯಾರೂ ಆರ್ಡರ್ ಕೊಡಲ್ಲ ಅಲ್ವಾ? ಬಂದವರಿಗೆ ಬೇಕಾಗಿದ್ದು ನೀವು ಏನು ಮಾಡುತ್ತೀರಿ, ಎಷ್ಟಾಗುತ್ತದೆ, ಹೇಗೆ ಸಿಗುತ್ತೀರಿ, ಇಷ್ಟೇ.

ಹಾಗಾಗಿ ಡಿಸೈನ್ ಮಾತಿಗೆ ಮುಂಚೆ ಡೊಮೇನ್ ನೀವೇ ಕೊಳ್ಳಿ, ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಕಾರ್ಡ್ ಹಾಕಿ. ಹೋಸ್ಟಿಂಗೂ ಹಾಗೇ. ಡೆವಲಪರ್‌ಗೆ ಬೇರೆ ಲಾಗಿನ್ ಕೊಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಇದಕ್ಕೆ ಒಪ್ಪದವರು ಎಷ್ಟೇ ಕಡಿಮೆಗೆ ಮಾಡಿಕೊಟ್ಟರೂ ಬೇಡ ಅನ್ನಿ. ಸೈಟ್ ಶುರುವಾದ ದಿನವೇ ಬೇರೆಯವರ ಫೋನಿಂದ ಫಾರ್ಮ್ ತುಂಬಿಸಿ ನೋಡಿ.

ಈಗಾಗಲೇ ಸೈಟ್ ಇರುವವರು ಐಕ್ಯಾನ್ ಲುಕಪ್ ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ. ರಿಜಿಸ್ಟ್ರಾರ್ ಯಾರು, ಅವಧಿ ಯಾವಾಗ ಮುಗಿಯುತ್ತದೆ ಅಂತ ಕಾಣುತ್ತದೆ. ಮಾಲೀಕರ ಹೆಸರು ಬಹಳ ಸಲ ಮುಚ್ಚಿರುತ್ತದೆ, ಅದನ್ನು ನಂಬಿ ಕೂರಬೇಡಿ. ಆ ರಿಜಿಸ್ಟ್ರಾರ್ ಖಾತೆಗೆ ನೀವು ಲಾಗಿನ್ ಆಗಬಲ್ಲಿರಾ, ಅದನ್ನು ನೋಡಿ. ಆಗದಿದ್ದರೆ ಡೆವಲಪರ್ ಜೊತೆ ಮಾತುಕತೆ ಚೆನ್ನಾಗಿರುವಾಗಲೇ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಇನ್ನೊಂದು ವಿಷಯ, ಆ ಖಾತೆಗೆ ಅದೇ ಡೊಮೇನ್‌ನ ಇಮೇಲ್ ಕೊಡಬೇಡಿ. ಡೊಮೇನ್ ನಿಂತರೆ ಪಾಸ್‌ವರ್ಡ್ ಬದಲಿಸುವ ಮೇಲ್ ಕೂಡ ನಿಮಗೆ ಬರಲ್ಲ.