ಒಂದರ ಬೆನ್ನಿಗೆ ಎರಡೋ, ಎಂಟೋ?

ಬೀಥೋವನ್‌ನ ಐದನೇ ಸಿಂಫನಿಯನ್ನು ಹಳೆಯ ಗ್ರಾಮಫೋನಿನ ಅರಗಿನ ತಟ್ಟೆಗಳಲ್ಲಿ ಕೊಳ್ಳುವವರು ಮೊದಲು ಲೇಬಲ್ ಮೇಲಿನ ಬದಿಯ ಸಂಖ್ಯೆ ನೋಡಿ. ಒಂದು ಬದಿಗೆ ನಾಲ್ಕು ನಿಮಿಷದಂತೆ ಇಡೀ ಕೃತಿ ನಾಲ್ಕು ತಟ್ಟೆಗಳ ಎಂಟು ಬದಿಗಳಲ್ಲಿ ಹಂಚಿಹೋಗಿರುತ್ತದೆ. ಒಂದರ ಬೆನ್ನಿಗೆ ಎರಡು ಇದ್ದರೆ ಕಣ್ಣುಮುಚ್ಚಿ ಕೊಳ್ಳಿ. ಎಂಟು ಇದ್ದರೆ, ನನ್ನಂತೆ ಕೀಲಿ ಕೊಡುವ ಗ್ರಾಮಫೋನ್ ಇಟ್ಟುಕೊಂಡವರು ಬಿಟ್ಟುಬಿಡಿ.

ನಾನು ಮೊದಲು ಕೊಂಡದ್ದು ಎಂಟರದ್ದನ್ನೇ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದೆ. ಅದು ತಟ್ಟೆಗಳನ್ನು ತಾನೇ ಒಂದರ ಮೇಲೊಂದು ಬೀಳಿಸಿಕೊಳ್ಳುವ ಯಂತ್ರಕ್ಕೆಂದು ಜೋಡಿಸಿದ ಸೆಟ್: 1ರ ಬೆನ್ನಿಗೆ 8, 2ರ ಬೆನ್ನಿಗೆ 7, 3ರ ಬೆನ್ನಿಗೆ 6, 4ರ ಬೆನ್ನಿಗೆ 5. ಯಂತ್ರವಿದ್ದವರು ನಾಲ್ಕು ಬದಿ ಕೇಳಿ, ಇಡೀ ಅಟ್ಟಿಯನ್ನು ಮಗುಚಿ ಇಟ್ಟರಾಯಿತು. ನನಗೆ ನಾಲ್ಕು ನಿಮಿಷಕ್ಕೊಮ್ಮೆ ತಟ್ಟೆ ತೆಗೆಯುವುದು, ಲಕೋಟೆಗೆ ಸೇರಿಸುವುದು, ಮುಂದಿನದನ್ನು ಹುಡುಕುವುದು, ಮುಳ್ಳು ಬದಲಿಸುವುದು, ಕೀಲಿ ತಿರುಗಿಸುವುದು. ಏಳು ಮುರಿತಗಳಲ್ಲಿ ಆರು ಸಲ ತಟ್ಟೆಯನ್ನೇ ಬದಲಿಸಬೇಕು. ಒಂದು ರಾತ್ರಿ ಅಭ್ಯಾಸಬಲದಿಂದ 3ನೇ ಬದಿಯನ್ನು ಮಗುಚಿಬಿಟ್ಟೆ. ಸಿಂಫನಿಯ ಎರಡನೇ ಚಲನೆಯ, ಅಂದರೆ ಎರಡನೇ ಭಾಗದ, ನಿಧಾನದ ನಡುವೆ 6ನೇ ಬದಿಯ ಮೂರನೇ ಚಲನೆ ನುಗ್ಗಿತು. ಆ ರಾತ್ರಿ ಮತ್ತೆ ಕೇಳುವ ಮನಸ್ಸಾಗಲಿಲ್ಲ.

1913ರಲ್ಲಿ ವಾದ್ಯವೃಂದದ ನಿರ್ವಾಹಕ ನಿಕಿಶ್ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಮುದ್ರಿಸಿದ ಇದೇ ಕೃತಿಗೂ ಎಂಟು ಬದಿಗಳೇ ಬೇಕಾದವು. ಆದರೆ ಅದು ಮೊದಲು ಹೊರಬಂದದ್ದು ಒಂದೇ ಬದಿಯ ತಟ್ಟೆಗಳಲ್ಲಿ. ಅದನ್ನು ಕೊಂಡವರಿಗೆ ಈ ಗೊಂದಲವಿರಲಿಲ್ಲ.

ಆಮೇಲೆ ಎರಡರಷ್ಟು ಹಣ ಕೊಟ್ಟು ಅದೇ ಧ್ವನಿಮುದ್ರಣದ ನೇರ ಕ್ರಮದ ಸೆಟ್ ಕೊಂಡೆ. ಮುರಿಯುವ ಜಾಗಗಳು ಅವೇ. ಆದರೆ ನಾಲ್ಕು ಸಲ ಮಗುಚಿದರೆ ಸಾಕು, ಮೂರು ಸಲ ಮಾತ್ರ ಬದಲಾವಣೆ. ನಿಂತ ಸ್ವರ ಕಿವಿಯಲ್ಲಿ ಆರುವ ಮೊದಲೇ ಮುಂದಿನದು ಹಿಡಿದುಕೊಳ್ಳುತ್ತದೆ.

ಒಂದು ನೋವು ಮಾತ್ರ ಇದರಲ್ಲೂ ಹೋಗಿಲ್ಲ. ಮೂರನೇ ಚಲನೆಯ ಕೊನೆಗೆ ಟಿಂಪನಿ ಎಂಬ ನಗಾರಿ ಪಿಸುದನಿಯಲ್ಲಿ ಮಿಡಿಯುತ್ತದೆ, ಪಿಟೀಲುಗಳು ಅದರ ಮೇಲೆ ತಡಕಾಡುತ್ತ ಏರುತ್ತವೆ, ಎಲ್ಲವೂ ಒಮ್ಮೆಲೇ ನಾಲ್ಕನೇ ಚಲನೆಯ ಸಿ ಮೇಜರ್ ಸ್ವರಶ್ರೇಣಿಗೆ ತೆರೆದುಕೊಳ್ಳುತ್ತದೆ. ಬೀಥೋವನ್ ಅಲ್ಲಿ ಒಂದು ಕ್ಷಣದ ಬಿಡುವನ್ನೂ ಇಟ್ಟಿಲ್ಲ. ನನ್ನ ತಟ್ಟೆಗಳಲ್ಲಿ 6ನೇ ಬದಿ ಮುಗಿಯುವುದು ಅಲ್ಲೇ, ಬಾಗಿಲು ತೆರೆಯುವ ಹೊತ್ತಿಗೆ.

ಇದೇ ಧ್ವನಿಮುದ್ರಣದ ಸಿಡಿಯಲ್ಲಿ ಆ ಜಾಗ ಬೆಸೆದಿದೆ. ಅಷ್ಟಕ್ಕೆ ಅದಕ್ಕೆ ಋಣಿ. ಉಳಿದ ಬೆಸುಗೆಗಳಲ್ಲಿ ಹಿನ್ನೆಲೆಯ ಸರಸರ ತಟ್ಟನೆ ಬದಲಾಗುತ್ತದೆ, ಬದಿ ಮುಗಿಯುವುದೆಂದು ನಿರ್ವಾಹಕರು ನಿಧಾನಿಸಿದ್ದು ಕಾರಣವಿಲ್ಲದ ಎಡವಿನಂತೆ ಉಳಿದಿದೆ.

ಮೈಸೂರಿನ ಜಯಚಾಮರಾಜ ಒಡೆಯರ್ ಅವರ ನೆರವಿನಿಂದ 1940ರ ದಶಕದ ಕೊನೆಯಲ್ಲಿ ಮುದ್ರಣಗೊಂಡ ರಷ್ಯನ್ ಸಂಗೀತಕಾರ ಮೆಟ್ನರ್‌ನ ಮೊದಲ ಪಿಯಾನೊ ಕನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿಯನ್ನು) ಮಾತ್ರ ಸಿಡಿಯಲ್ಲೇ ಕೇಳುತ್ತೇನೆ. ಅದು ಅಖಂಡವಾದ ಒಂದೇ ಚಲನೆ. ಎಲ್ಲಿ ಮುರಿದರೂ ಗಾಯ.

ನಾನು ರಾತ್ರಿಗೆ ಒಂದೇ ಕೃತಿ ಕೇಳುವವನು, ತಿಂಗಳಿಗೆ ಒಂದು ಸೆಟ್ಟಿಗಿಂತ ಹೆಚ್ಚು ಕೊಳ್ಳಲಾರೆ. ನನಗೆ ನೇರ ಕ್ರಮವೇ ಸರಿ. ಎಂಟರ ಸೆಟ್ಟನ್ನು, ತಟ್ಟೆ ಬೀಳಿಸುವ ಯಂತ್ರವಿರುವ ಗೆಳೆಯನಿಗೆ ಕೊಟ್ಟೆ.