ಆಗೋ-2 ಆ್ಯಂಟಿಬಾಡಿ, 100 ಮೈಕ್ರೋಲೀಟರ್: ಐದಕ್ಕೆ ಮೂರೂವರೆ ಸ್ಟಾರ್

ಆಗೋ-2 (ಆರ್ಗೊನಾಟ್-2) ಅಂದರೆ ಕೋಶದಲ್ಲಿ ಜೀನುಗಳ ಬಾಯಿ ಮುಚ್ಚಿಸುವ ಕೆಲಸದಲ್ಲಿರುವ ಪ್ರೋಟೀನ್; ಅದನ್ನು ಗುರುತಿಸಿ ಹಿಡಿಯುವ ಆ್ಯಂಟಿಬಾಡಿ ತರಿಸಿದ್ದೆವು. ಶುಕ್ರವಾರ ಬರಬೇಕಾದ ಪಾರ್ಸಲ್ ಸೋಮವಾರ ಬಂತು. ಜೆಲ್ ಪ್ಯಾಕ್ ಎಲ್ಲ ಮೆತ್ತಗಾಗಿ ಬೆಚ್ಚಗಿದ್ದವು. ಅದಕ್ಕೇ ಅರ್ಧ ಸ್ಟಾರ್ ಕಟ್. ಪುಣ್ಯಕ್ಕೆ ಮಾಲು ಕೆಟ್ಟಿರಲಿಲ್ಲ.

ಹೀಲಾ ಎಂಬ ಮನುಷ್ಯ ಕೋಶಗಳ ಲೈಸೇಟ್ (ಕೋಶ ಒಡೆದು ತೆಗೆದ ರಸ) ಹಾಕಿ ವೆಸ್ಟರ್ನ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡಿದೆವು. ಆಗೋ-2 ಇರಬೇಕಾದ 97 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್, ಮೇಲೆ ಕೆಳಗೆ ಕಸ ಇಲ್ಲ. ಐಪಿಗೂ, ಅಂದರೆ ಆ್ಯಂಟಿಬಾಡಿ ಅಂಟಿಸಿದ ಬೀಡ್ಸ್‌ನಿಂದ ಪ್ರೋಟೀನನ್ನು ಎಳೆದು ತೆಗೆಯುವುದಕ್ಕೂ, ಒಳ್ಳೆಯದು. ಬೀಡ್ಸ್‌ನಿಂದ ಆರ್‌ಎನ್‌ಎ ತೆಗೆದು ನೋಡಿದರೆ ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ ಧಾರಾಳವಾಗಿ ಸಿಕ್ಕಿತು, ಹೋಲಿಕೆಗೆ ಇಟ್ಟ ಮಾಮೂಲಿ ಆ್ಯಂಟಿಬಾಡಿಯ ಐಜಿಜಿ ಕಂಟ್ರೋಲ್‌ನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ನನ್ನ ತಕರಾರು ಬೇರೆ. ಹೆಸರೇನೋ ಆಗೋ, ಆದರೆ ಕೆಲಸ ಆಗೋದು ಇನ್ನೊಬ್ಬರಿಂದ, ಅಲ್ವಾ? ಸುಮಾರು 22 ಅಕ್ಷರದ ಮೈಕ್ರೋ ಆರ್‌ಎನ್‌ಎಯನ್ನು ಹಿಡಿದುಕೊಂಡು ಅದಕ್ಕೆ ಸರಿಹೊಂದುವ ಎಂಆರ್‌ಎನ್‌ಎ (ಜೀನಿನ ಸಂದೇಶದ ಪ್ರತಿ) ಹುಡುಕುವುದು ಆಗೋ. ಆಗೋ-2ಗೆ ಕತ್ತರಿಸಲೂ ಬರುತ್ತದೆ, ಆದರೆ ಪ್ರಾಣಿಗಳ ಕೋಶದಲ್ಲಿ ಜೋಡಿ ಪೂರ್ತಿ ಕೂಡುವುದು ಅಪರೂಪ, 2ರಿಂದ 8ನೇ ಅಕ್ಷರದವರೆಗೆ ಹೊಂದಿಕೊಂಡರೆ ಅದೇ ಜಾಸ್ತಿ. ಹಾಗಾಗಿ ಜೀನಿನ ಬಾಯಿ ಮುಚ್ಚಿಸಲು ಜಿಡಬ್ಲ್ಯು182 ಎಂಬ ಜೊತೆಗಾರ ಪ್ರೋಟೀನ್ ಬೇಕು, ಮನುಷ್ಯರಲ್ಲಾದರೆ ಟಿಎನ್‌ಆರ್‌ಸಿ6ರ ಎ, ಬಿ, ಸಿ. ಅದು ತನ್ನ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಗಳನ್ನು ಆಗೋದ ಮೈಮೇಲಿನ ಗುಳಿಗಳಿಗೆ ತೂರಿಸಿ ಅಂಟಿಕೊಂಡು, ಇನ್ನೊಂದು ತುದಿಯಿಂದ ಸಿಸಿಆರ್4-ನಾಟ್ ಎಂಬ ಕಿಣ್ವಗಳ ಪಡೆಯನ್ನು ಕರೆತರುತ್ತದೆ, ಅವು ಎಂಆರ್‌ಎನ್‌ಎಯ ಪಾಲಿ-ಎ ಬಾಲ ಸವೆಸುತ್ತವೆ, ಆಮೇಲೆ ಡಿಸಿಪಿ2 ಎಂಬ ಕಿಣ್ವ ಅದರ ಮುಂತುದಿಯ ಟೋಪಿ ಕಳಚಿದರೆ ಎಕ್ಸ್‌ಆರ್‌ಎನ್1 ಎಂಬ ಇನ್ನೊಂದು ಕಿಣ್ವ ಉಳಿದದ್ದನ್ನು ತಿಂದು ಮುಗಿಸುತ್ತದೆ.

ಡೇಟಾಶೀಟ್‌ನಲ್ಲಿ ಕೋ-ಐಪಿಗೂ (ಜೊತೆಗಾರ ಪ್ರೋಟೀನನ್ನೂ ಸೇರಿಸಿ ಎಳೆಯುವುದಕ್ಕೂ) ಆಗುತ್ತದೆ ಎಂದು ಬರೆದಿದ್ದಾರೆ, ಯಾವ ಪ್ರೋಟೀನ್ ಜೊತೆ ಅಂತ ಇಲ್ಲ. ಮೊದಲ ಸಲ ಟಿಎನ್‌ಆರ್‌ಸಿ6ಎ ಇರಬೇಕಾದ ಜಾಗ ಖಾಲಿ. ಎರಡು ದಿನ ಕಂಪನಿಗೆ ಬೈದೆವು. ಆಮೇಲೆ ನೋಡಿದರೆ ಅರ್ಧ ತಪ್ಪು ನಮ್ಮದೇ. ವಾಶ್‌ನಲ್ಲಿ ಉಪ್ಪು 500 ಮಿಲಿಮೋಲಾರ್ ಹಾಕಿದ್ದೆವು, ಅಷ್ಟು ದೊಡ್ಡ ಪ್ರೋಟೀನಿಗೆ ಜೆಲ್‌ನಿಂದ ಹಾಳೆಗೆ ಇಪ್ಪತ್ತೇ ನಿಮಿಷ ಸೆಮಿ-ಡ್ರೈ ಟ್ರಾನ್ಸ್‌ಫರ್ ಮಾಡಿದ್ದೆವು. ಉಪ್ಪು 150ಕ್ಕೆ ಇಳಿಸಿ, ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ವೆಟ್ ಟ್ರಾನ್ಸ್‌ಫರ್ ಇಟ್ಟ ಮೇಲೆ ಬ್ಯಾಂಡ್ ಕಂಡಿತು, ಮಸುಕಾಗಿ. ಪೇಪರಿಗೆ ಹಾಕುವಷ್ಟಿಲ್ಲ. ಉಳಿದ ಒಂದು ಸ್ಟಾರ್ ಅಲ್ಲಿ ಹೋಯಿತು.

ಮೈಕ್ರೋ ಆರ್‌ಎನ್‌ಎ ಮಾತ್ರ ಬೇಕಿದ್ದವರು ಧೈರ್ಯವಾಗಿ ತೆಗೆದುಕೊಳ್ಳಿ. ಇದರ ಬದಲು ಆಗೋಗೆ ಅಂಟುವ ಟಿ6ಬಿ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಂಡು) ಸಾಕಲ್ವಾ ಎಂದು ಲ್ಯಾಬಿನಲ್ಲೇ ಒಬ್ಬರು ಕೇಳಿದರು. ಅದು ಮನುಷ್ಯರಲ್ಲಿರುವ ನಾಲ್ಕೂ ಆಗೋಗಳನ್ನು ಒಟ್ಟಿಗೆ ಎಳೆಯುತ್ತದೆ, ಚೆನ್ನಾಗಿಯೇ ಎಳೆಯುತ್ತದೆ. ಆದರೆ ಅದು ಟಿಎನ್‌ಆರ್‌ಸಿ6ಬಿಯದೇ ತುಂಡು, ಹೋಗಿ ಕೂರುವುದು ಅದೇ ಸೀಟಿನಲ್ಲಿ. ನಿಜವಾದ ಜೋಡಿಯನ್ನು ಎಬ್ಬಿಸಿ ಕಳಿಸಿಬಿಡುತ್ತದೆ.