ಅಳತೆ ಕೊಟ್ಟು ಮಾಡಿಸಿದ ಸ್ಟೀಲ್ ಹಾರ್ಡ್‌ಟೇಲ್: ಮಳೆಗಾಲಗಳು ಕಳೆದ ಮೇಲಿನ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್, ಚೆನ್ನಾಗಿದೆ, ಆದರೆ ಸ್ಟೀಲ್ ಬಗ್ಗೆ ಎಲ್ಲರೂ ಹೇಳುವ ಕಾರಣಕ್ಕಲ್ಲ. ಪೈಪಿನ ಮೇಲಿನ ಸ್ಟಿಕ್ಕರ್ ನೋಡಿ ದುಡ್ಡು ಸುರಿಯುವವರು ಅದರಲ್ಲಿ ಅರ್ಧವನ್ನು ವೆಲ್ಡಿಂಗ್ ಆದ ನಂತರದ ಕೆಲಸಕ್ಕೆ ಎತ್ತಿಡಬೇಕು. ಫ್ರೇಮು ಉಳಿಯುವುದೂ ಹಾಳಾಗುವುದೂ ಅಲ್ಲಿಯೇ.

ಇದು 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲ್) ಪೈಪುಗಳನ್ನು ಟಿಗ್ ವೆಲ್ಡಿಂಗ್ ಮಾಡಿ ಕಟ್ಟಿಸಿದ ಫ್ರೇಮು. 29 ಇಂಚಿನ ಗಾಲಿ, 130 ಮಿ.ಮೀ. ಕುಗ್ಗುವ ಸಸ್ಪೆನ್ಷನ್ ಫೋರ್ಕು, ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಕಡೆಯ ಹಲ್ಲುಚಕ್ರ). ಓಡಾಟ ಬೆಂಗಳೂರಿನ ಸುತ್ತ ತುರಹಳ್ಳಿಯ ಬಂಡೆ, ಆವಲಹಳ್ಳಿಯ ನೀಲಗಿರಿ ತೋಪು; ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಕೆಸರು. ಪೆಡಲ್ ಸೇರಿಸಿ 13.5 ಕೆ.ಜಿ. ತೂಗುತ್ತದೆ, ಅದರಲ್ಲಿ ಫ್ರೇಮಿನ ಪಾಲು ಸುಮಾರು 2.5 ಕೆ.ಜಿ. ತೂಕ ಇಳಿಸುವುದೇ ಗುರಿಯಾಗಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

"ಸ್ಟೀಲ್ ಅಂದರೆ ಮೆತ್ತಗೆ" ಅನ್ನುವ ಮಾತನ್ನು ಅಷ್ಟಾಗಿ ನಂಬಬೇಡಿ. ವಸ್ತುವಾಗಿ ನೋಡಿದರೆ ಸ್ಟೀಲ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ: ಅದರ ಸ್ಥಿತಿಸ್ಥಾಪಕ ಗುಣಾಂಕ 200 ಗಿಗಾಪಾಸ್ಕಲ್ ದಾಟುತ್ತದೆ, ಅಲ್ಯೂಮಿನಿಯಂನದು 70ರ ಆಸುಪಾಸು. ಸ್ಟೀಲ್ ಪೈಪು ಸಣ್ಣ ವ್ಯಾಸದಲ್ಲಿ, ತೆಳುವಾಗಿ ಇರುವುದರಿಂದ ಪಕ್ಕಕ್ಕೆ ಸ್ವಲ್ಪ ಬಾಗುತ್ತದೆ. ಕಲ್ಲಿನ ಮೇಲೆ ಓರೆಯಾಗಿ ಹಾಯುವಾಗ ಹಿಂದಿನ ಗಾಲಿ ಚಿಮ್ಮದೆ ನೆಲ ಹಿಡಿಯುವುದು ಈ ಗುಣದಿಂದ. ನೇರ ಮೇಲೆ ಕೆಳಗೆ ಬರುವ ಹೊಡೆತಕ್ಕೆ ತ್ರಿಕೋನಗಳ ಫ್ರೇಮು ಯಾವ ಲೋಹದ್ದಾದರೂ ಹೆಚ್ಚೇನೂ ಬಗ್ಗುವುದಿಲ್ಲ. ಸೊಂಟಕ್ಕೆ ಆರಾಮ ಬೇಕೆಂದರೆ ಹಿಂದಿನ ಟೈರಿನ ಗಾಳಿಯನ್ನು 2 ಪಿಎಸ್‌ಐ ಇಳಿಸಿ ನೋಡಿ, ಪೈಪು ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ.

ಅಳತೆ ಕೊಡುವಾಗ ಬಹಳ ಜನ ಎಡವುವುದು ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಫೋರ್ಕು ಕುಗ್ಗುವುದನ್ನು, ಮರೆತು. ಹಾರ್ಡ್‌ಟೇಲ್‌ನಲ್ಲಿ ಕೂತ ಕೂಡಲೇ ಮುಂಭಾಗ ಮಾತ್ರ ಇಳಿಯುತ್ತದೆ, ಹಿಂದೆ ಏನೂ ಇಳಿಯುವುದಿಲ್ಲ. 130 ಮಿ.ಮೀ. ಫೋರ್ಕಿಗೆ 20% ಸ್ಯಾಗ್ ಇಟ್ಟರೆ 26 ಮಿ.ಮೀ. ಹೋಗುತ್ತದೆ. ಆಗ ಕಾಗದದ ಮೇಲಿನ 66 ಡಿಗ್ರಿ ಹೆಡ್ ಆ್ಯಂಗಲ್ (ಫೋರ್ಕು ಕೂರುವ ಹೆಡ್ ಟ್ಯೂಬಿನ ಓರೆ) ಕೂತಾಗ 67 ದಾಟುತ್ತದೆ, ಸೀಟ್ ಆ್ಯಂಗಲ್ (ಸೀಟ್ ಟ್ಯೂಬಿನ ಓರೆ) 75 ಇದ್ದದ್ದು 76 ಆಗುತ್ತದೆ, ರೀಚ್ (ಕ್ರ್ಯಾಂಕಿನ ಅಚ್ಚಿನಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಇರುವ ಅಡ್ಡ ದೂರ) 12 ಮಿ.ಮೀ.ಯಷ್ಟು ಉದ್ದವಾಗುತ್ತದೆ, ಬಾಟಮ್ ಬ್ರ್ಯಾಕೆಟ್ (ಬಿ.ಬಿ., ಕ್ರ್ಯಾಂಕಿನ ಅಚ್ಚು ಕೂರುವ ಜಾಗ) ಸುಮಾರು 9 ಮಿ.ಮೀ. ಕೆಳಗಿಳಿಯುತ್ತದೆ. ಫುಲ್ ಸಸ್ಪೆನ್ಷನ್ ಸೈಕಲ್ಲಿನ ಅಂಕಿಗಳನ್ನು ಹಾಗೇ ನಕಲು ಮಾಡಿದರೆ ಮುಂಭಾಗ ಇಳಿಜಾರಿನಲ್ಲಿ ಗಾಬರಿ ಹುಟ್ಟಿಸುವಷ್ಟು ನೆಟ್ಟಗಾಗುತ್ತದೆ. ಈ ಫ್ರೇಮಿನಲ್ಲಿ ಬಿ.ಬಿ. ಡ್ರಾಪ್ (ಗಾಲಿಗಳ ಅಚ್ಚಿನ ಗೆರೆಯಿಂದ ಬಿ.ಬಿ. ಎಷ್ಟು ಕೆಳಗಿದೆ ಎಂಬುದು) 55 ಮಿ.ಮೀ. ಇದೆ, ತುರಹಳ್ಳಿಯಂಥ ಬಂಡೆ ಜಾಗಕ್ಕೆ ಇದು ಜಾಸ್ತಿಯೇ. 170 ಮಿ.ಮೀ. ಕ್ರ್ಯಾಂಕಿನಲ್ಲಿ ಪೆಡಲ್ ಆಗಾಗ ಬಂಡೆಗೆ ಬಡಿಯುತ್ತದೆ. ಅದೇ ಕೆಲಸಕ್ಕೆ ಇನ್ನೊಂದು ಕಟ್ಟಿಸುವುದಾದರೆ ಡ್ರಾಪ್ 45, ಕ್ರ್ಯಾಂಕು 165.

ಪೈಪಿನ ವಿಷಯಕ್ಕೆ ಬಂದರೆ, ಡೌನ್ ಟ್ಯೂಬು (ಹೆಡ್ ಟ್ಯೂಬಿನಿಂದ ಬಿ.ಬಿ.ಗೆ ಇಳಿಯುವ ಪೈಪು) 35 ಮಿ.ಮೀ. ವ್ಯಾಸದ್ದು, ಟಾಪ್ ಟ್ಯೂಬು (ಮೇಲಿನ ಪೈಪು) 31.8. ಎರಡೂ ತುದಿಯಲ್ಲಿ ದಪ್ಪ, ನಡುವೆ ತೆಳುವಾಗಿರುವ ಬಟೆಡ್ ಪೈಪು, ಡೌನ್ ಟ್ಯೂಬಿನಲ್ಲಿ ದಪ್ಪ 0.9/0.6/0.9 ಮಿ.ಮೀ. ರೆನಾಲ್ಡ್ಸ್ 853 ವೆಲ್ಡಿಂಗ್ ಶಾಖದ ನಂತರ ಗಾಳಿಯಲ್ಲೇ ಗಟ್ಟಿಯಾಗುವ ಮಿಶ್ರಲೋಹ, ತೆಳ್ಳಗೆ ಎಳೆಯಬಹುದು, ತೂಕ ಇಳಿಯುತ್ತದೆ. ಆದರೆ ಎಪ್ಪತ್ತು ಕೆ.ಜಿ. ಮೇಲ್ಪಟ್ಟವರು ಕಲ್ಲಿನ ಮೇಲೆ ಓಡಿಸುವುದಕ್ಕೆ ಸಾದಾ 4130 ಸಾಕು. ಬಿದ್ದಾಗ ಹ್ಯಾಂಡಲ್ ತಿರುಗಿ ಬಡಿದರೆ ತೆಳು ಪೈಪೇ ಮೊದಲು ತಗ್ಗಾಗುವುದು.

ಚೈನ್‌ಸ್ಟೇ (ಬಿ.ಬಿ.ಯಿಂದ ಹಿಂದಿನ ಗಾಲಿಗೆ ಹೋಗುವ ಪೈಪು) ಉದ್ದ 430 ಮಿ.ಮೀ. ಇಷ್ಟು ಗಿಡ್ಡ ಜಾಗದಲ್ಲಿ 29×2.4 ಟೈರು, 32 ಹಲ್ಲಿನ ಚೈನ್‌ರಿಂಗ್, ನಡುವೆ ಪೈಪು, ಮೂರಕ್ಕೂ ಜಾಗ ಆಗಬೇಕು. ದುಂಡು ಪೈಪು ಹಾಕಿದರೆ ಆಗುವುದೇ ಇಲ್ಲ. ಚೈನ್‌ರಿಂಗ್ ಕಡೆ ಪೈಪನ್ನು ಒತ್ತಿ ತಗ್ಗು ಮಾಡಬೇಕು, ಇಲ್ಲವೇ ಬಿ.ಬಿ. ಹತ್ತಿರ ದಪ್ಪ ಪ್ಲೇಟಿನ ಯೋಕ್ ಬೆಸೆಯಬೇಕು. ಯೋಕ್ ಆದರೆ ಜಾಗದ ಲೆಕ್ಕ ಖಚಿತ. ಕ್ರ್ಯಾಂಕು 55 ಮಿ.ಮೀ. ಚೈನ್‌ಲೈನಿನದು (ಫ್ರೇಮಿನ ನಡುಗೆರೆಯಿಂದ ಚೈನ್‌ರಿಂಗಿಗೆ ಇರುವ ದೂರ) ತೆಗೆದುಕೊಂಡರೆ ಇನ್ನೂ 3 ಮಿ.ಮೀ. ಸಿಗುತ್ತದೆ, ಶಿಮಾನೋ ಡಿಯೋರ್‌ನಲ್ಲಿ 52, 55 ಎರಡೂ ಬರುತ್ತವೆ. ಟೈರಿನ ಎರಡೂ ಬದಿ ಕನಿಷ್ಠ 6 ಮಿ.ಮೀ. ಬಿಡಿಸಿಕೊಳ್ಳಿ. ಕೆಂಪು ಮಣ್ಣಿನ ಕೆಸರು ಅಂಟಿದರೆ ಅಷ್ಟೂ ತುಂಬಿಹೋಗುತ್ತದೆ, ಜೊತೆಗೆ ಸಿಕ್ಕಿದ ಹರಳು ಬಣ್ಣವನ್ನು ಉಜ್ಜಿ ತೆಗೆಯುತ್ತದೆ.

ಬಿಡಿಭಾಗಗಳ ಅಳತೆಯಲ್ಲಿ ಹೊಸತನ ಬೇಡ. ಬಿ.ಬಿ. ಶೆಲ್ 73 ಮಿ.ಮೀ. ಬಿಎಸ್‌ಎ ಥ್ರೆಡ್, ಹೆಡ್ ಟ್ಯೂಬು 44 ಮಿ.ಮೀ. ಒಳವ್ಯಾಸ, ಮೇಲೆ ಒಳಗೆ ಕೂರುವ ಹೆಡ್‌ಸೆಟ್ ಕಪ್ಪು (ಬೇರಿಂಗ್ ಕೂರುವ ಬಟ್ಟಲು), ಕೆಳಗೆ ಟೇಪರ್ಡ್ ಫೋರ್ಕಿಗೆ ಹೊರಗೆ ಕೂರುವ ಕಪ್ಪು. ಹಿಂದೆ 148×12 ಮಿ.ಮೀ. ಆ್ಯಕ್ಸಲ್. ಡಿರೇಲರ್‌ಗೆ (ಗೇರು ಬದಲಿಸುವ ಭಾಗ) ಯುಡಿಎಚ್ ಹ್ಯಾಂಗರ್, ಅಂದರೆ ಅದನ್ನು ಫ್ರೇಮಿಗೆ ಹಿಡಿಸುವ ಸಾರ್ವತ್ರಿಕ ಅಳತೆಯ ತುಂಡು. ಆ್ಯಕ್ಸಲ್ ತರಿಸುವಾಗ ಉದ್ದದ ಜೊತೆ ಥ್ರೆಡ್ ಪಿಚ್ ಕೇಳಿ: ಯುಡಿಎಚ್‌ಗೆ 1.0, ಶಿಮಾನೋ ಇ-ಥ್ರೂಗೆ 1.5. ಒತ್ತಾಯ ಮಾಡಿ ತಿರುಗಿಸಿದರೆ ಹಾಳಾಗುವುದು ಹ್ಯಾಂಗರ್. ಅದರ ಬೋಲ್ಟು ಎಡಗೈ ಥ್ರೆಡ್, 25 ನ್ಯೂಟನ್ ಮೀಟರ್. ಬಲಗಡೆಯ ಬಿ.ಬಿ. ಕಪ್ಪೂ ಎಡಗೈ ಥ್ರೆಡ್ಡೇ.

ಇನ್ನು ಅಸಲು ಕೆಲಸ. ವೆಲ್ಡಿಂಗ್ ಶಾಖಕ್ಕೆ ಪೈಪು ಎಳೆದುಕೊಳ್ಳುತ್ತದೆ. ದುಂಡಗಿದ್ದ ಸೀಟ್ ಟ್ಯೂಬು ಟಾಪ್ ಟ್ಯೂಬ್ ಸೇರುವ ಜಾಗದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಾಗಾಗಿ ಫ್ರೇಮು ಕೈಗೆ ಬಂದ ಕೂಡಲೇ ಪೇಂಟಿಗೆ ಕಳಿಸಬೇಡಿ. ಹೆಡ್ ಟ್ಯೂಬಿನ ಸುತ್ತ ಒಂದು ದಾರ ಹಾಕಿ ಎರಡೂ ತುದಿಯನ್ನು ಎರಡು ಡ್ರಾಪ್‌ಔಟಿಗೆ (ಹಿಂದಿನ ಆ್ಯಕ್ಸಲ್ ಕೂರುವ ತುದಿ) ಬಿಗಿಯಾಗಿ ಕಟ್ಟಿ, ದಾರದಿಂದ ಸೀಟ್ ಟ್ಯೂಬಿಗೆ ಎರಡೂ ಕಡೆ ಎಷ್ಟಿದೆ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಒಳಗಿದ್ದರೆ ಒಪ್ಪಿಕೊಳ್ಳಿ. ಆಮೇಲೆ ಸೀಟ್ ಟ್ಯೂಬಿಗೆ ರೀಮರ್ (ಒಳಮೈ ಕೆರೆದು ದುಂಡು ಮಾಡುವ ಉಪಕರಣ), ಬಿ.ಬಿ.ಗೆ ಟ್ಯಾಪು (ಥ್ರೆಡ್ ಸರಿಪಡಿಸುವ ಉಪಕರಣ), ಬಿ.ಬಿ.ಯ ಎರಡು ಮುಖ, ಹೆಡ್ ಟ್ಯೂಬು, ಬ್ರೇಕ್ ಮೌಂಟಿಗೆ ಫೇಸಿಂಗ್ (ಮುಖ ಸಮತಟ್ಟು ಮಾಡುವುದು). ಡ್ರಾಪರ್ ಪೋಸ್ಟು (ಓಡಿಸುವಾಗಲೇ ಸೀಟನ್ನು ಏರಿಸಿ ಇಳಿಸುವ ಕಂಬ) 30.9 ಮಿ.ಮೀ. ಇದ್ದರೆ ರೀಮರ್ ಮೇಲಿನ ಹತ್ತು ಸೆಂ.ಮೀ.ಗೆ ನಿಲ್ಲಬಾರದು, 250 ಮಿ.ಮೀ. ಆಳಕ್ಕೆ ಇಳಿಯಬೇಕು. ಬಾಟಲಿ ಬೋಲ್ಟಿನ ಬಾಸ್‌ಗಳು (ಬೋಲ್ಟು ಕೂರುವ ಥ್ರೆಡ್ ತುಂಡುಗಳು) ಒಳಗೆ ಚಾಚಿಕೊಂಡು ಪೋಸ್ಟನ್ನು ತಡೆಯುವುದು ಸಾಮಾನ್ಯ ದೋಷ, ಬೆಸೆಯುವ ಮುಂಚೆಯೇ ಅವುಗಳ ಜಾಗ ಕೆಳಗಿಳಿಸಲು ಹೇಳಿ. ಉದ್ದ ರೀಮರ್ ಸೈಕಲ್ ಅಂಗಡಿಗಳಲ್ಲಿ ಇರುವುದು ಅಪರೂಪ. ಪೀಣ್ಯದ ಕಡೆ ಹೋನಿಂಗ್ (ಕೊಳವೆಯ ಒಳಮೈ ಉಜ್ಜಿ ನಯ ಮಾಡುವ ಕೆಲಸ) ಮಾಡುವ ವರ್ಕ್‌ಶಾಪಿನಲ್ಲಿ ಪೋಸ್ಟನ್ನೇ ಜೊತೆಗೆ ಒಯ್ದು ಕೊಟ್ಟರೆ ಕೆಲಸ ಆಗುತ್ತದೆ.

ಪೌಡರ್ ಕೋಟಿಂಗ್ ಮಾಡಿಸಿದ ಕಡೆ ಥ್ರೆಡ್‌ಗಳಿಗೆ ಮುಚ್ಚಳ ಹಾಕಿರಲಿಲ್ಲ. ಬಿ.ಬಿ. ಒಳಗೆ, ಆ್ಯಕ್ಸಲ್ ತೂತಿನಲ್ಲಿ, ಬ್ರೇಕ್ ಮೌಂಟಿನ ಮುಖದ ಮೇಲೆಲ್ಲ ಪೌಡರ್ ಕೂತಿತ್ತು. ಮೌಂಟಿನ ಮೇಲೆ 80 ಮೈಕ್ರಾನ್ ಪದರ ಏರುಪೇರಾಗಿ ಕೂತರೂ ಕ್ಯಾಲಿಪರ್ ಓರೆಯಾಗುತ್ತದೆ, ಪ್ಯಾಡು ಒಂದೇ ತುದಿ ಸವೆಯುತ್ತದೆ, ಎಷ್ಟು ಹೊಂದಿಸಿದರೂ ಡಿಸ್ಕ್ ಉಜ್ಜುವ ಸದ್ದು ನಿಲ್ಲುವುದಿಲ್ಲ. ಸಿಲಿಕೋನ್ ಬಿರಡೆ, ಶಾಖ ತಡೆಯುವ ಟೇಪು ನೀವೇ ಹಚ್ಚಿ ಕಳಿಸಿ. ಕ್ಲಿಯರ್ ಕೋಟ್ ಹೊಡೆದು ಬರೀ ಲೋಹ ಕಾಣಿಸುವ ಫ್ಯಾಷನ್ ನಮ್ಮ ಮಳೆಗೆ ಆಗಿಬರುವುದಿಲ್ಲ. ಒಂದು ಕಲ್ಲಿನ ಏಟು ಸಾಕು, ತುಕ್ಕು ಪದರದಡಿ ದಾರದ ಹಾಗೆ ಹರಿಯುತ್ತದೆ. ಕೆಳಗೆ ಜಿಂಕ್ ಇರುವ ಪ್ರೈಮರ್ ಇರಲಿ.

ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಕೊಲ್ಲುವುದು ಒಳಗಿನದು. ನೀರು ಸೀಟ್ ಕ್ಲಾಂಪಿನ ಸೀಳಿನಿಂದ ಇಳಿದು ಬಿ.ಬಿ. ಶೆಲ್ಲಿನಲ್ಲಿ ನಿಲ್ಲುತ್ತದೆ. ಶೆಲ್ಲಿನ ಅಡಿ 5 ಮಿ.ಮೀ. ತೂತು ಇರಲೇಬೇಕು, ಇಲ್ಲದಿದ್ದರೆ ಪೇಂಟಿಗೆ ಮುಂಚೆ ಕೊರೆಸಿ. ಕಾರುಗಳ ಬಾಗಿಲೊಳಗೆ ಹೊಡೆಯುವ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇಯನ್ನು ಉದ್ದ ನಳಿಕೆಯಲ್ಲಿ ಪ್ರತಿ ಪೈಪಿನೊಳಗೂ, ಸ್ಟೇಗಳ ಸಣ್ಣ ತೂತುಗಳಿಂದಲೂ ಹೊಡೆದು, ಫ್ರೇಮನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಒಂದು ರಾತ್ರಿ ಬಟ್ಟೆಯ ಮೇಲೆ ಸೋರಲು ಬಿಡಿ. ಕುದಿಸಿದ ಅಗಸೆ ಎಣ್ಣೆಯೂ ನಡೆಯುತ್ತದೆ, ಒಣಗಲು ದಿನಗಟ್ಟಲೆ ಬೇಕು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಮತ್ತೆ ಹೊಡೆಯಿರಿ. ಅಲ್ಯೂಮಿನಿಯಂ ಪೋಸ್ಟಿಗೆ ಗ್ರೀಸು ಹಚ್ಚಿ, ಎರಡು ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ. ಬಿಟ್ಟರೆ ಎರಡು ಲೋಹ ಕಚ್ಚಿಕೊಂಡು ಗರಗಸವೇ ಗತಿ.

ಜೋಡಣೆಯಲ್ಲಿ ಹೇಳಬೇಕಾದದ್ದು ಕಡಿಮೆ. ಬಿ.ಬಿ. 35–50 ನ್ಯೂಟನ್ ಮೀಟರ್, ಕ್ರ್ಯಾಂಕಿನ ಪಿಂಚ್ ಬೋಲ್ಟು 12–14, ಸೀಟ್ ಕ್ಲಾಂಪು 5. ಡ್ರಾಪರ್ ಮೇಲೇಳಲು ಸೋಮಾರಿತನ ತೋರಿದರೆ ಕ್ಲಾಂಪು ಸಡಿಲಿಸಿ ನೋಡಿ, ಬಹಳ ಸಲ ಬಿಗಿ ಹೆಚ್ಚಾದದ್ದೇ ರೋಗ. ಗೇರಿಗೆ 12 ಸ್ಪೀಡ್ ಡಿಯೋರ್ 10–51 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಕಟ್ಟು) ಒಳ್ಳೆಯದೇ, ಅದಕ್ಕೆ ಮೈಕ್ರೋ ಸ್ಪ್ಲೈನ್ ಹಬ್ ಬೇಕು. 11 ಸ್ಪೀಡಿನ 11–51 ಹಳೆಯ ಎಚ್‌ಜಿ ಹಬ್ಬಿಗೇ ಕೂರುತ್ತದೆ, ಊರೂರಲ್ಲೂ ಸಿಗುವ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಅದು. ಇಲ್ಲಿ ಓಡಿಸುವವರಿಗೆ ನನ್ನ ಮತ ಅದಕ್ಕೇ. ಬ್ರೇಕು ಮಿನರಲ್ ಆಯಿಲ್‌ನದು, ಮುಂದೆ ನಾಲ್ಕು ಪಿಸ್ಟನ್, 180 ಮಿ.ಮೀ. ಡಿಸ್ಕು. ರೆಸಿನ್ ಪ್ಯಾಡಿಗೆ ಮಾತ್ರ ಎಂದು ಬರೆದ ಡಿಸ್ಕಿಗೆ ಮೆಟಲ್ ಪ್ಯಾಡ್ ಹಾಕಿದರೆ ಡಿಸ್ಕೇ ತೇಯುತ್ತದೆ. ಟೈರು ಟ್ಯೂಬ್‌ಲೆಸ್ಸೇ ಆಗಬೇಕು: ಬಳ್ಳಾರಿ ಜಾಲಿಯ ಮುಳ್ಳಿಗೆ ಟ್ಯೂಬು ನಿಲ್ಲುವುದಿಲ್ಲ. ಒಂದೊಂದಕ್ಕೆ 110 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ), ಬೇಸಿಗೆಯಲ್ಲಿ ಎರಡು ತಿಂಗಳಿಗೇ ಒಣಗಿರುತ್ತದೆ.

ಕಿರುಗುಟ್ಟುವ ಸದ್ದು ಬಂದರೆ ಬಿ.ಬಿ.ಯನ್ನು ಬೈಯುವ ಮುಂಚೆ ನಿಂತು ತುಳಿದು ನೋಡಿ. ಸದ್ದು ನಿಂತರೆ ಸೀಟು ಅಥವಾ ಪೋಸ್ಟು. ನಿಲ್ಲದಿದ್ದರೆ ಹಿಂದಿನ ಆ್ಯಕ್ಸಲ್ ತೆಗೆದು ಒರೆಸಿ ಗ್ರೀಸು ಹಚ್ಚಿ, ಆಮೇಲೆ ಚೈನ್‌ರಿಂಗ್, ಕೊನೆಗೆ ಬಿ.ಬಿ. ಮುಂದಿನ ಬ್ರೇಕು ಹಿಡಿದು ಅಲುಗಿಸಿದಾಗ ಸದ್ದಾದರೆ ಕೆಳಗಿನ ಹೆಡ್‌ಸೆಟ್ ಕಪ್ಪು.

ಬಿರುಕು ಹುಡುಕಬೇಕಾದ ಜಾಗ ಮೂರು: ಡೌನ್ ಟ್ಯೂಬು ಹೆಡ್ ಟ್ಯೂಬಿಗೆ ಸೇರುವ ಕೆಳಬದಿ, ಸೀಟ್ ಟ್ಯೂಬಿನ ಸೀಳಿನ ತುದಿ, ಬ್ರೇಕ್ ಮೌಂಟಿನ ಪಕ್ಕದ ಸ್ಟೇ. ಬೆಸುಗೆಯ ಅಂಚಿಗೆ ಸಮಾನಾಂತರವಾಗಿ ಬಣ್ಣದಲ್ಲಿ ಕೂದಲೆಳೆಯಷ್ಟು ತುಕ್ಕುಗೆರೆ ಕಂಡರೆ ಓಡಿಸುವುದು ನಿಲ್ಲಿಸಿ, ಬಣ್ಣ ಕೆರೆದು ವೆಲ್ಡಿಂಗ್ ಶಾಪಿನಲ್ಲಿ ಸಿಗುವ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಗೆರೆ ತೋರಿಸುವ ಬಣ್ಣದ ದ್ರವ) ಹಚ್ಚಿ ನೋಡಿ. ಬರೀ ಪೇಂಟು ಸೀಳಿದ್ದರೆ ಗೆರೆ ಲೋಹದಲ್ಲಿ ಮೂಡುವುದಿಲ್ಲ. ಲೋಹವೇ ಸೀಳಿದ್ದರೆ ಮೇಲಿಂದ ಬೆಸುಗೆ ಸುರಿದು ಮುಚ್ಚುವುದು ದುರಸ್ತಿಯಲ್ಲ, ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಸ್ಟೇ ಆದರೆ ಪೈಪನ್ನೇ ಕತ್ತರಿಸಿ ಹೊಸದು ಹಾಕಿಸಿ, ಮತ್ತೆ ದಾರ ಕಟ್ಟಿ ಅಳೆಯಿರಿ.